ಮ್ಯಾಪಿಗೆ ಕಾರು ಕಾಣುತ್ತೆ, ಪಾಸ್‌ಪೋರ್ಟ್ ಕಾಣಲ್ಲ

ಭಾನುವಾರದಿಂದ ಮನಸ್ಸು ಸರಿಯಿಲ್ಲ. ಇವತ್ತು ಗುರುವಾರ. ಬರೆದುಬಿಟ್ಟರೆ ಸ್ವಲ್ಪ ಹಗುರ ಆಗಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತೆ. ಆದರೆ ಊರಿಂದ ಅಪ್ಪ ಅಮ್ಮನನ್ನು ಯೂರೋಪಿಗೆ ಕರೆಸಿಕೊಳ್ಳುವವರು ದಯವಿಟ್ಟು ಪೂರ್ತಿ ಓದಿ.

ನಾವು ವಿಯೆನ್ನಾದಿಂದ ವರ್ಷಕ್ಕೆರಡು ಸಲ ಸೆರ್ಬಿಯಾದ ಬೆಲ್‌ಗ್ರೇಡಿಗೆ ಕಾರಿನಲ್ಲಿ ಹೋಗಿಬರೋದು ನಿಮಗೆಲ್ಲ ಗೊತ್ತಿದೆ. ಇವರ ಹಳೇ ಸಹೋದ್ಯೋಗಿ ಮನೆ ಅಲ್ಲಿದೆ. ಬುಡಾಪೆಸ್ಟ್ ದಾಟಿ 600 ಚಿಲ್ಲರೆ ಕಿಲೋಮೀಟರ್ ದಾರಿ. ಈ ಸಲ ಶುಕ್ರವಾರ ಹೊರಟು ಭಾನುವಾರ, ಜನವರಿ 11ಕ್ಕೆ ವಾಪಸ್ ಬಂದೆವು. ಸೆರ್ಬಿಯಾದವರ ಕ್ರಿಸ್ಮಸ್ ಜನವರಿ 7ಕ್ಕೆ. ಊರಿಗೆ ಹೋದವರೆಲ್ಲ ವಿಯೆನ್ನಾ ಕಡೆ ಹೊರಡೋದು ಆ ವಾರಾಂತ್ಯಕ್ಕೇ. ಹಾಗಾಗಿ ನೋವಿ ಸಾದ್ ಹತ್ತಿರ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಫೋನ್ ತೆಗೆದೆ.

ಸೆರ್ಬಿಯಾದ ಮೋಟಾರ್ ಸಂಘ ಎಎಂಎಸ್‌ಎಸ್ ಅಂತ ಇದೆ. ಗಡಿಗಳಲ್ಲಿ ಇಟ್ಟಿರುವ ಕ್ಯಾಮೆರಾ ಚಿತ್ರಗಳನ್ನು ಅದು ತೋರಿಸುತ್ತೆ. ಹೊರ್ಗೋಷ್ ಗಡಿ ನೋಡಿದೆ. ಪರದೆಯ ತುಂಬ ಕಾರುಗಳ ಕೆಂಪು ದೀಪ. ಹಂಗೇರಿ ಪೊಲೀಸರ ಗಡಿ ಮಾಹಿತಿ ಪುಟದಲ್ಲಿ ಯಾವ ಗಡಿಯಲ್ಲಿ ಎಷ್ಟು ಹೊತ್ತು ಕಾಯಬೇಕು ಅಂತ ಹಾಕಿರುತ್ತಾರೆ. ಕಾರಿಗೆ ಬೇರೆ, ಬಸ್ಸಿಗೆ ಬೇರೆ, ಲಾರಿಗೆ ಬೇರೆ. ಅದನ್ನೂ ನೋಡಿ, ಸುಬೋತಿತ್ಸಾದಲ್ಲಿ ಎಡಕ್ಕೆ ತಿರುಗಿ ಕೆಲೆಬಿಯಾ ಗಡಿಗೆ ಹೋದೆವು. ಅಲ್ಲಿಯೂ ಸಾಲಿತ್ತು, ಆದರೆ ಸಾಗುತ್ತಿತ್ತು.

ಹಂಗೇರಿಯವರ ಕಿಟಕಿ ಹತ್ತಿರ ಬಂದಾಗ ನಮ್ಮ ಮುಂದಿನ ಕಾರು ನಿಂತೇಬಿಟ್ಟಿತು. ಐದು ನಿಮಿಷ, ಹತ್ತು ನಿಮಿಷ. ಅಧಿಕಾರಿ ಹೊರಗೆ ಬಂದು ಪಕ್ಕಕ್ಕೆ ಹಾಕಿ ಅಂತ ಕೈ ತೋರಿಸಿದರು. ಹಿಂದಿನ ಸೀಟಿನಿಂದ ಮಗಳು ಅಂದಳು: "ಅಮ್ಮ, ಅವರು ಕನ್ನಡ ಮಾತಾಡ್ತಿದ್ದಾರೆ."

ಕಿಟಕಿ ಇಳಿಸಿದೆ. ಸೀರೆ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡ ಒಬ್ಬ ಅಮ್ಮ ಚಳಿಯಲ್ಲಿ ನಿಂತಿದ್ದರು. "ಏನಂತಾನೋ ತಮ್ಮಾ ಅವ? ಯಾಕ್ ನಿಲ್ಲಿಸ್ಯಾನ?" ಅಂತ ಮಗನನ್ನು ಕೇಳುತ್ತಿದ್ದರು. ಮಗ ಉತ್ತರ ಕೊಡದೆ ಫೋನ್ ಒತ್ತುತ್ತಲೇ ಇದ್ದ. ನಮ್ಮ ಪಾಸ್‌ಪೋರ್ಟ್ ತಪಾಸಣೆ ಬೇಗ ಮುಗಿಯಿತು. ಕಾರು ಮುಂದೆ ನಿಲ್ಲಿಸಿ, ಕೇಳಿಕೊಂಡು ವಾಪಸ್ ಹೋದೆ.

"ಅಕ್ಕಾರ, ಇವರ ವೀಸಾ ಮುಗದದ ಅಂತಾರ್ರಿ. ಇನ್ನೂ 22 ದಿನ ಐತಲ್ರಿ ಅದರಾಗ."

ವೀಸಾ ನೋಡಿದೆ. ಷೆಂಗೆನ್ ವೀಸಾ, ಅಂದರೆ ಆಸ್ಟ್ರಿಯಾ, ಹಂಗೇರಿ ಥರ ತಮ್ಮೊಳಗೆ ಸಾಮಾನ್ಯವಾಗಿ ಗಡಿ ತಪಾಸಣೆ ಇಟ್ಟುಕೊಳ್ಳದ ಯೂರೋಪಿನ ದೇಶಗಳಿಗೆಲ್ಲ ಸೇರಿ ಒಂದೇ ವೀಸಾ. ಸೆರ್ಬಿಯಾ ಆ ಗುಂಪಿನಲ್ಲಿಲ್ಲ. 22 ದಿನ ನಿಜವಾಗಿ ಬಾಕಿ ಇತ್ತು. ಆದರೆ ಅದೇ ಚೀಟಿಯಲ್ಲಿ ಎಷ್ಟು ಸಲ ಒಳಗೆ ಬರಬಹುದು ಅಂತ ಹೇಳುವ ಇನ್ನೊಂದು ಪುಟ್ಟ ಜಾಗ ಇದೆ. ಅಲ್ಲಿ 01 ಅಂತಿರುತ್ತೆ, ಇಲ್ಲ 02, ಇಲ್ಲ ಮಲ್ಟ್, ಅಂದರೆ ಹಲವು ಸಲ. ಅವರದ್ದು 01. ಆ ಒಂದು ಸಲ ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ಇಳಿದಾಗಲೇ ಖರ್ಚಾಗಿತ್ತು. ಹಂಗೇರಿ ದಾಟಿ ಸೆರ್ಬಿಯಾಕ್ಕೆ ಕಾಲಿಟ್ಟ ಕೂಡಲೇ ವೀಸಾ ಕೆಲಸ ಮುಗಿಯಿತು. ಹೋಗುವಾಗ ಯಾರೂ ತಡೆಯಲಿಲ್ಲವಂತೆ. ಹೊರಗೆ ಹೋಗುವವರನ್ನು ತಡೆಯೋದು ಅವರ ಕೆಲಸವೂ ಅಲ್ಲ. ಸೆರ್ಬಿಯಾ ಒಳಗೆ ಬಿಟ್ಟಿತು, ಯಾಕೆಂದರೆ ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇದ್ದರೆ ಅವರಿಗೆ ಸಾಕು. ಬಾಗಿಲು ಹೋಗುವಾಗ ತೆರೆದಿರುತ್ತೆ, ಬರುವಾಗ ಮುಚ್ಚಿರುತ್ತೆ.

ಆ ಹುಡುಗನ ಫೋನನ್ನು ಕಾರಿನ ಸ್ಟ್ಯಾಂಡಿನಲ್ಲಿ ಕಂಡೆ. ಮ್ಯಾಪಿನ ನೀಲಿ ಗೆರೆ ಗಡಿಯ ಮೇಲೆ ನೇರ ಹಾದು ಹೋಗಿತ್ತು. ವಿಯೆನ್ನಾ, 4 ಗಂಟೆ 20 ನಿಮಿಷ.

ನನ್ನ ಸಿಟ್ಟೆಲ್ಲ ಆ ನೀಲಿ ಗೆರೆ ಮೇಲೆ. ಅದಕ್ಕೆ ಕಾರು ಮಾತ್ರ ಕಾಣುತ್ತೆ. ಒಳಗೆ ಕೂತವರ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಇದೆ ಅಂತ ಒಂದೇ ಒಂದು ಸಲ ಕೇಳಲ್ಲ. ಟೋಲ್ ಬೇಡವಾ, ದೋಣಿ ಬೇಡವಾ, ಮಣ್ಣಿನ ರಸ್ತೆ ಬೇಡವಾ ಅಂತೆಲ್ಲ ಕೇಳುತ್ತೆ. "ಈ ದಾರಿಯಲ್ಲಿ ಷೆಂಗೆನ್ ಬಿಟ್ಟು ಹೊರಗೆ ಹೋಗ್ತೀರಿ, ವೀಸಾ ನೋಡಿಕೊಳ್ಳಿ" ಅಂತ ಒಂದು ಸಾಲು ತೋರಿಸೋಕೆ ಎಷ್ಟು ಕಷ್ಟ? ಇಷ್ಟು ಮಾಡಿದ್ದರೆ ಆ ಅಮ್ಮ ಅಲ್ಲಿ ನಿಲ್ಲುತ್ತಿರಲಿಲ್ಲ.

ಸರಿ, ಎಲ್ಲವನ್ನೂ ಆ್ಯಪ್ ಮೇಲೆ ಹಾಕಬೇಡಿ, ವೀಸಾ ಓದಿಕೊಳ್ಳೋದು ಅವರವರ ಜವಾಬ್ದಾರಿ ಅಂತ ನೀವು ಹೇಳಬಹುದು. ನಮ್ಮ ಮನೆಯವರು ಕಾರಿನಲ್ಲೇ ಹೇಳಿದರು. ಒಪ್ಪುತ್ತೇನೆ. ಆದರೆ ಆ ಹುಡುಗ ಸೋಮಾರಿ ಅಲ್ಲ. ಹೋಟೆಲ್ ಹುಡುಕಿದ್ದ, ಅಮ್ಮನಿಗೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಸಿಗುವ ಜಾಗ ಹುಡುಕಿದ್ದ, ಹಂಗೇರಿ ಹೆದ್ದಾರಿಯ ಟೋಲ್ ಪಾಸ್ ಇ-ವಿನ್ಯೆಟ್ ಕೊಂಡಿದ್ದ, ಹಿಮ ಬೀಳುತ್ತಾ ಅಂತ ನೋಡಿದ್ದ. ಎಲ್ಲವೂ ಫೋನಿನಲ್ಲೇ. ಇಷ್ಟೆಲ್ಲ ಫೋನ್ ನೋಡಿಕೊಂಡಾಗ ಗಡಿಯನ್ನೂ ನೋಡಿಕೊಳ್ಳುತ್ತೆ ಅಂತ ಯಾರಿಗಾದರೂ ಅನಿಸುತ್ತೆ, ಅಲ್ವಾ? ಯೂರೋಪಿನಲ್ಲಿ ಗಡಿಯೇ ಇಲ್ಲ ಅಂತ ನಾವೇ ಊರಲ್ಲಿ ಹೇಳಿಕೊಂಡು ಬಂದಿದ್ದೇವೆ. 1985ರಲ್ಲಿ ಲಕ್ಸೆಂಬರ್ಗಿನ ಷೆಂಗೆನ್ ಅನ್ನೋ ಹಳ್ಳಿ ಹತ್ತಿರ, ನದಿಯಲ್ಲಿ ನಿಂತ ಹಡಗಿನ ಮೇಲೆ ಐದು ದೇಶಗಳು ಸಹಿ ಹಾಕಿದ ಒಪ್ಪಂದ ಇದು. ಈಗ 29 ದೇಶಗಳಿವೆ. ಕ್ರೊಯೇಷಿಯಾ 2023ರಲ್ಲಿ ಬಂತು. ರೊಮೇನಿಯಾ, ಬಲ್ಗೇರಿಯಾಗಳ ರಸ್ತೆ ಗಡಿ ತೆರೆದದ್ದು 2025ರ ಜನವರಿ 1ಕ್ಕೆ. ಅಂದರೆ ಒಳಮನೆ ದೊಡ್ಡದಾಗಿದೆ. ಹೊರಗೋಡೆ ಇದ್ದೇ ಇದೆ. ಸೆರ್ಬಿಯಾ, ಬೋಸ್ನಿಯಾ, ಟರ್ಕಿ, ಬ್ರಿಟನ್ ಎಲ್ಲ ಆ ಗೋಡೆಯ ಆಚೆ. ಐರ್ಲೆಂಡ್ ಯೂರೋಪಿಯನ್ ಒಕ್ಕೂಟದಲ್ಲಿದ್ದರೂ ಷೆಂಗೆನ್ ಅಲ್ಲ. ಪ್ಯಾರಿಸ್ಸಿನಿಂದ ರೈಲಿನಲ್ಲಿ ಲಂಡನ್ನಿಗೆ ಎರಡು ದಿನ ಹೋಗಿಬರೋಣ ಅಂತ ಹೊರಟವರಿಗೂ ಇದೇ 01 ಕಾಡುತ್ತೆ.

ನಾನು ಇಷ್ಟು ಜೋರಾಗಿ ಬರೆಯೋಕೆ ಇನ್ನೊಂದು ಕಾರಣ ಇದೆ. ಇದನ್ನು ಇಲ್ಲಿ ಯಾವತ್ತೂ ಹೇಳಿಕೊಂಡಿಲ್ಲ.

2022ರ ಆಗಸ್ಟ್. ಅಪ್ಪ ಬಂದಿದ್ದರು. ಕ್ರೊಯೇಷಿಯಾದ ಸಮುದ್ರ ತೋರಿಸ್ತೀನಿ ಅಂತ ಶನಿವಾರ ಬೆಳಗ್ಗೆ ಹೊರಟೆವು. ಆಗ ಕ್ರೊಯೇಷಿಯಾ ಇನ್ನೂ ಷೆಂಗೆನ್‌ಗೆ ಬಂದಿರಲಿಲ್ಲ. ಸ್ಲೊವೇನಿಯಾದ ಗ್ರುಷ್ಕೋವ್ಯೆ ಗಡಿಯಲ್ಲಿ ಸಾಲು ಸಿಕ್ಕಿತು. ಮೂರು ಗಂಟೆ. ಬಿಸಿಲು. ಹಿಂದೆ ಮುಂದೆ ಕಾರುಗಳು, ಇಳಿದು ಹೋಗೋಕೆ ಮರ ಕೂಡ ಇಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ. ಎರಡು ಸಲ ಮೆಲ್ಲಗೆ ಕೇಳಿದರು, ಎಲ್ಲಾದರೂ ನಿಲ್ಲಿಸೋಕಾಗುತ್ತಾ ಅಂತ. ಮೂರನೇ ಸಲ ಕೇಳಿದಾಗ "ಸ್ವಲ್ಪ ತಡ್ಕೊಳ್ಳಿ ಅಪ್ಪ, ನಾನೇನ್ ಮಾಡ್ಲಿ" ಅಂತ ಕಿರುಚಿದೆ. ಮಗಳ ಎದುರಿಗೆ. ಅವರು ಆಮೇಲೆ ಮಾತೇ ಆಡಲಿಲ್ಲ. ನೀರು ಕುಡಿಯೋದನ್ನೂ ನಿಲ್ಲಿಸಿದರು.

ಅವತ್ತು ನಾನು ಅಪ್ಪನ ವೀಸಾದ ಆ ಪುಟ್ಟ ಜಾಗ ನೋಡಿರಲಿಲ್ಲ. ಮಲ್ಟ್ ಅಂತಿತ್ತು, ನಾನು ನೋಡಿ ತಿಳಿದದ್ದಲ್ಲ, ಸುಮ್ನೆ ಇತ್ತು. 01 ಇದ್ದಿದ್ದರೆ ನಾನೂ ಆ ಹುಡುಗನ ಥರ ನಿಂತಿರುತ್ತಿದ್ದೆ. ಅಪ್ಪ ಊರಲ್ಲಿ ಎಲ್ಲರಿಗೂ ಮಗಳು ಸಮುದ್ರ ತೋರಿಸಿದಳು ಅಂತ ಹೇಳುತ್ತಾರೆ. ಆ ಮೂರು ಗಂಟೆಯ ಸುದ್ದಿ ಎತ್ತಲ್ಲ.

ಅದೇ ಕೊನೆ. ಅವತ್ತಿನಿಂದ ಗಡಿ ದಾಟುವ ಮುಂಚೆ ಕ್ಯಾಮೆರಾ ನೋಡದೆ ನಾನು ಹೊರಡಲ್ಲ. ಕ್ರೊಯೇಷಿಯಾದ ವಾಹನ ಸಂಘ ಹಾಕ್ ಇದೆಯಲ್ಲ, ಅದರ ಆ್ಯಪ್ ಒಳ್ಳೇದು. ಬೋಸ್ನಿಯಾ, ಸೆರ್ಬಿಯಾ ಕಡೆಯ ಗಡಿಗಳ ಚಿತ್ರವೂ ಸಿಗುತ್ತೆ. ಈ ಆ್ಯಪ್‌ಗಳು ಚೆಂದ ಇಲ್ಲ. ಅಕ್ಷರ ಸಣ್ಣದು, ಕೆಲವು ಕಡೆ ಅವರ ಭಾಷೆ ಮಾತ್ರ. ಆದರೆ ಗಡಿಯನ್ನು ಗಡಿ ಅಂತ ನೋಡುವವರು ಮಾಡಿದ್ದು. ಅದಕ್ಕೇ ನಂಬುತ್ತೇನೆ.

ಮ್ಯಾಪ್ ಇನ್ನೊಂದು ತಪ್ಪು ಮಾಡುತ್ತೆ. ದೊಡ್ಡ ಗಡಿಯಲ್ಲಿ ಸಾಲಿದ್ದರೆ ಹೊಲದ ಮಧ್ಯದ ಸಣ್ಣ ಗಡಿಗೆ ಕಳಿಸುತ್ತೆ. ಅಂಥವುಗಳಲ್ಲಿ ಕೆಲವು ರಾತ್ರಿ ಮುಚ್ಚುತ್ತವೆ. ಕ್ರೊಯೇಷಿಯಾ–ಬೋಸ್ನಿಯಾ ನಡುವೆ ಕೆಲವನ್ನು ಅಲ್ಲಿಯ ಸುತ್ತಮುತ್ತಲಿನವರಿಗಷ್ಟೇ ಇಟ್ಟಿದ್ದಾರೆ. ಭಾರತದ ಪಾಸ್‌ಪೋರ್ಟ್ ಹಿಡಿದು ಹೋದರೆ ಬಂದ ದಾರಿಗೆ ಸುಂಕವಿಲ್ಲ ಅಂತ ತಿರುಗಬೇಕು. ಇಲ್ಲಿಯೂ ಅದೇ ಕಥೆ ನೋಡಿ. ಕಾರಿಗೆ ದಾರಿ ಇದೆ, ಜನರಿಗೆ ಇಲ್ಲ.

ಸೆರ್ಬಿಯಾಕ್ಕೆ ಹೋಗುವವರು ಇದನ್ನೂ ನೆನಪಿಡಿ. ಇಲ್ಲಿಯ ಸಿಮ್‌ಗೆ ಯೂರೋಪಿಯನ್ ಒಕ್ಕೂಟದ ರೋಮಿಂಗ್ ಅಲ್ಲಿ ನಡೆಯಲ್ಲ. ಆ್ಯಪ್ ಜಾಸ್ತಿ ಬೇಕಾಗೋದು ಬರುವಾಗ, ಆಗಲೇ ಇಂಟರ್ನೆಟ್ ಇರಲ್ಲ. ನಾನು ಬಂಕಿನ ವೈಫೈನಲ್ಲಿ ನೋಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುತ್ತೇನೆ.

ಈಗ ಹೊಸದು ಇಇಎಸ್ (ಎಂಟ್ರಿ ಎಕ್ಸಿಟ್ ಸಿಸ್ಟಮ್), ಅಂದರೆ ಷೆಂಗೆನ್‌ಗೆ ಬಂದುಹೋಗುವ ಹೊರದೇಶದವರ ಲೆಕ್ಕ. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಶುರುವಾಯಿತು. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖದ ಫೋಟೊ, ಬೆರಳಚ್ಚು, ಬಂದ ದಿನ, ಹೋದ ದಿನ ಎಲ್ಲ ಕಂಪ್ಯೂಟರಿಗೆ. ನಮ್ಮಂಥ ರೆಸಿಡೆನ್ಸ್ ಪರ್ಮಿಟ್ ಇರುವವರಿಗೆ ಇದು ಅನ್ವಯಿಸಲ್ಲ. ಅಪ್ಪ ಅಮ್ಮನಿಗೆ ಅನ್ವಯಿಸುತ್ತೆ. ಒಂದೇ ಕಾರು, ಒಂದೇ ಮನೆಯವರು, ಎರಡು ಲೆಕ್ಕ. ಮೊದಲೇ ವಿವರ ತುಂಬಿ ಫೋಟೊ ಕೊಡೋಕೆ ಒಕ್ಕೂಟದ ಗಡಿ ಕಾವಲು ಸಂಸ್ಥೆ ಫ್ರಾಂಟೆಕ್ಸ್‌ನವರು ಟ್ರಾವೆಲ್ ಟು ಯೂರೋಪ್ ಅಂತ ಆ್ಯಪ್ ಮಾಡಿದ್ದಾರೆ. ಗಡಿಗೆ ಬರುವ 72 ಗಂಟೆ ಮುಂಚಿನಿಂದ ತುಂಬಬಹುದು. ಮೊದಲು ಬಳಸಿದ್ದು ಸ್ವೀಡನ್. ಎಲ್ಲ ದೇಶಗಳೂ ಅದಕ್ಕೆ ಸೇರಿಲ್ಲ. ನೀವು ಇಳಿಯುವ ದೇಶ ಇದೆಯಾ ನೋಡಿ ಆಮೇಲೆ ತುಂಬಿ. 180 ದಿನದಲ್ಲಿ 90 ದಿನ ಮಾತ್ರ ಇರಬಹುದು ಅನ್ನುವ ಲೆಕ್ಕಕ್ಕೂ ಒಕ್ಕೂಟದ್ದೇ ಕ್ಯಾಲ್ಕ್ಯುಲೇಟರ್ ಇದೆ. ಬಂದ ದಿನ, ಹೋಗುವ ದಿನ ಎರಡೂ ಸೇರುತ್ತವೆ. ಬೆರಳು ಮಡಚಿ ಎಣಿಸಬೇಡಿ.

ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುವ ವೀಸಾ ಆ್ಯಪ್‌ಗಳು ಇವೆಯಲ್ಲ ಅಂದಳು ಗೆಳತಿ. ಇವೆ. ಆದರೆ ಭಾರತೀಯರಿಗೆ ಸೆರ್ಬಿಯಾ ವೀಸಾ ಇಲ್ಲದೆ ಬಿಡುತ್ತಿದ್ದದ್ದು 2023ರ ಜನವರಿ 1ಕ್ಕೇ ನಿಂತಿದೆ. ಹಳೇ ಪಟ್ಟಿ ಇಟ್ಟುಕೊಂಡು ಇನ್ನೂ ಬೇಡ ಅನ್ನೋದನ್ನು ನಾನೇ ಕಂಡಿದ್ದೇನೆ. ಒಳಗೆ ಹೋಗಬಹುದಾ ಅಂತ ಅವು ಹೇಳುತ್ತವೆ. ವಾಪಸ್ ಬರಬಹುದಾ ಅಂತ ಹೇಳಲ್ಲ. ನಮಗೆ ಬೇಕಾಗಿರೋದು ಎರಡನೆಯದು.

ಅರ್ಜಿ ಹಾಕುವಾಗಲೇ ಬಹುಪ್ರವೇಶ ಕೇಳಿ. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆ ನಿಯಮ ಸಡಿಲ ಆಗಿದೆ. ಮೂರು ವರ್ಷದಲ್ಲಿ ಎರಡು ವೀಸಾ ತಗೊಂಡು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ್ದು ಸಿಗಬಹುದು. ಮೊದಲ ಸಲ ಬರುವವರಿಗೆ ಆ ಲಾಭ ಇಲ್ಲ. ಮೊದಲ ಸಲ ಬರುವವರೇ ನಮ್ಮ ಅಪ್ಪ ಅಮ್ಮಂದಿರು.

ಆ ಹುಡುಗನಿಗೆ ನಂಬರ್ ಕೊಟ್ಟು ಬಂದಿದ್ದೆ. ಪ್ರವೇಶ ಇಲ್ಲ ಅನ್ನುವ ಕಾಗದ ಹಿಡಿದು ಅಪ್ಪ, ಅಮ್ಮ, ಮಗ ಮೂವರೂ ಬೆಲ್‌ಗ್ರೇಡಿಗೆ ತಿರುಗಿದರು. ಅಲ್ಲಿಂದಲೇ ಬೇರೆ ಟಿಕೆಟ್ ತೆಗೆದು ಅಪ್ಪ ಅಮ್ಮನನ್ನು ಬೆಂಗಳೂರಿಗೆ ಕಳಿಸಿದ. ಮೊಮ್ಮಗಳನ್ನು ನೋಡೋಕೆ ಬಂದವರು ಅವರು. ಸೊಸೆ, ಎರಡೂವರೆ ತಿಂಗಳ ಮಗು ವಿಯೆನ್ನಾದಲ್ಲೇ ಇದ್ದರು. ಎರಡು ದಿನಕ್ಕೆ ಬರ್ತೀವಿ ಅಂತ ಹೇಳಿ ಹೋಗಿದ್ದರಂತೆ.

ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದ, ಬರೀರಿ ಅಕ್ಕಾರ ಅಂದ.

ನಿನ್ನೆ ಅವರ ಮನೆಗೆ ಹೋಗಿದ್ದೆ, ಸೊಸೆಯ ಜೊತೆ ಸೂಟ್‌ಕೇಸ್ ತುಂಬೋಕೆ. ಬಿಪಿ ಮಾತ್ರೆ, ಇನ್ನೊಂದು ಕನ್ನಡಕ, ಮಡಚಿಟ್ಟ ನಾಲ್ಕು ಸೀರೆ. ಕಿಟಕಿ ಹತ್ತಿರ ಕುರ್ಚಿ ಮೇಲೆ ಹಳದಿ ಉಲ್ಲನ್ನಿನ ಕುಲಾವಿ ಇತ್ತು, ಸೂಜಿ ಇನ್ನೂ ಅದರಲ್ಲೇ. ಒಂದು ಕಡೆ ಕಿವಿ ಮುಗಿದಿತ್ತು, ಇನ್ನೊಂದು ಶುರುವಾಗಿತ್ತು. ಇದನ್ನೂ ಹಾಕಲಾ ಅಂತ ಕೇಳಿದೆ. ಬೇಡ ಅಕ್ಕ, ಅಲ್ಲೇ ಇರಲಿ ಅಂದಳು.