ಮೂಗಿಗೂ ಬೇಕು ಎನ್‌ಒಸಿ

ಮುಂಬೈಯಲ್ಲಿ ಬಾಲ್ಕನಿಗೆ ಗ್ರಿಲ್ ಹಾಕಿಸಬೇಕಾದರೆ ಹೌಸಿಂಗ್ ಸೊಸೈಟಿಯ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರ, ಬೇಕು. ಫ್ಲ್ಯಾಟ್ ಬಾಡಿಗೆಗೆ ಕೊಡುವಾಗಲೂ ಅದನ್ನು ಕೇಳುವ ಸೊಸೈಟಿಗಳಿವೆ. ಈಗ ಮೂಗಿಗೂ ಬೇಕಂತೆ.

ನಮ್ಮ ಉಪನಗರದ ಕನ್ನಡ ಸಂಘ ರಾಜ್ಯೋತ್ಸವಕ್ಕೆ ಒಂದು ಪ್ರದರ್ಶನ ಇಡಲು ಹೊರಟಿತು. ಪತ್ರಿಕೆಯ ಕ್ಯಾರಿಕೇಚರ್‌ಗಳಲ್ಲಿ, ಅಂದರೆ ಮೂಗು ಬಾಯಿ ಎಳೆದು ಬರೆಯುವ ಚಿತ್ರಗಳಲ್ಲಿ, ನಮ್ಮ ಆಟಗಾರರು, ನಮ್ಮ ಹಾಡುಗಾರರು. ವಿಷಯ ಚೆನ್ನಾಗಿತ್ತು. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ನಮ್ಮವರೇ ಎಂದು ಅಧ್ಯಕ್ಷರು ಎದೆ ತಟ್ಟಿಕೊಂಡು ಭಾಷಣ ಮಾಡಿದರು. ಮೈಸೂರಿನ ಹುಡುಗ, ‘ಕೊರವಂಜಿ’ ಹಾಸ್ಯಪತ್ರಿಕೆಗೆ ಚಿತ್ರ ಬರೆದವರು, ಇಲ್ಲಿನ ಜೆ.ಜೆ. ಕಲಾಶಾಲೆಯಲ್ಲಿ ಸೀಟು ಸಿಗದವರು, 1947ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸೇರಿ ದೇಶದ ದೊಡ್ಡವರೆಲ್ಲರ ಕಾಲೆಳೆದವರು. ಚಪ್ಪಾಳೆ ಬಿತ್ತು. ಅದೇ ಚಪ್ಪಾಳೆಯ ನಡುವೆ, ಯಾರ ಕಾಲನ್ನೂ ಎಳೆಯದಂತೆ ನೋಡಿಕೊಳ್ಳಲು ಒಂದು ಉಪಸಮಿತಿಯ ನೇಮಕವೂ ಆಯಿತು.

ಉಪಸಮಿತಿಯಲ್ಲಿ ಖಜಾಂಚಿಯೂ ಆಗಿರುವ ಒಬ್ಬ ಸಿಎ, ಒಬ್ಬ ಹೋಟೆಲ್ ಶೆಟ್ಟರು, ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು, ಪೇಪರಿಗೆ ಬರೀತಾನೆ ಅಂತ ನಾನು. ಚಿತ್ರ ಬರೆಯಲು ಬರುವವರು ಬೇಡ, ಪಕ್ಷಪಾತ ಮಾಡುತ್ತಾರೆ ಎಂದು ಮೊದಲೇ ತೀರ್ಮಾನವಾಗಿತ್ತು.

ಡೊಂಬಿವಲಿಯ ಹುಡುಗನೊಬ್ಬ ಹಳೆಯ ಪೇಪರುಗಳನ್ನು ಗುಡ್ಡೆ ಹಾಕಿಕೊಂಡು, ಅವುಗಳ ಗೆರೆ ನೋಡಿ ನೋಡಿ ಆರು ಚಿತ್ರ ಬರೆದು ತಂದಿದ್ದ. ಮೊದಲು ತೆಗೆದದ್ದು ಪಂಡಿತ್ ಭೀಮಸೇನ ಜೋಶಿಯವರನ್ನು. ಕಣ್ಣು ಮುಚ್ಚಿದೆ. ಬಾಯಿ ಒಂದು ಕಡೆಗೆ ವಾಲಿದೆ. ಒಂದು ಕೈ ಚಾವಣಿಯಿಂದ ಏನನ್ನೋ ಕಿತ್ತು ತರುತ್ತಿದೆ, ಇನ್ನೊಂದು ನೆಲದಿಂದ ಏನನ್ನೋ ಎತ್ತುತ್ತಿದೆ. ಪುಣೆಯಲ್ಲಿ ಅವರ ಕಛೇರಿ ನೋಡಿದವರಿಗೆ ಇದು ಗೊತ್ತು. ವೇಗದ ಸ್ವರಗಳ ಓಟವಾದ ತಾನ್ ಮೊದಲು ಭುಜಕ್ಕೆ ಬರುತ್ತಿತ್ತು, ಆಮೇಲೆ ಗಂಟಲಿಗೆ. ರೋಣದಲ್ಲಿ ಹುಟ್ಟಿ, ಸಂಗೀತಕ್ಕೆಂದು ಮನೆ ಬಿಟ್ಟು ಓಡಿದ ಹುಡುಗ ಪುಣೆಯಲ್ಲಿ ನೆಲೆಸಿ 1953ರಿಂದ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ ಉತ್ಸವ ನಡೆಸಿದರಲ್ಲ, ಆ ಓಟ ಕೂಡ ಆ ಕೈಯಲ್ಲಿ ಇತ್ತು ಅಂತ ನನಗೆ ಅನ್ನಿಸಿತು.

ಮ್ಯಾನೇಜರಿಗೆ ಹಾಗೆ ಅನ್ನಿಸಲಿಲ್ಲ. ‘ಭಾರತರತ್ನ ಸಾರ್ ಇವರು. 2008ರಲ್ಲಿ ಘೋಷಿಸಿದ್ದು. ಬಾಯಿ ಸೊಟ್ಟ ಇದ್ರೆ ಹೇಗೆ?’

‘ಹಾಡುವಾಗ ಹಾಗೇ ಇರ್ತಿತ್ತು ಸಾರ್’ ಅಂದ ಹುಡುಗ.

‘ಇದ್ದಿರಬಹುದು. ನಾವು ಯಾಕೆ ತೋರಿಸಬೇಕು? ಬಾಯಿ ಮುಚ್ಚಿಸಿಬಿಡು.’

ಹೀಗೆ ನಮ್ಮ ಉಪಸಮಿತಿ ಭೀಮಸೇನ ಜೋಶಿಯವರ ಬಾಯಿ ಮುಚ್ಚಿಸಿತು. ಕೈಗಳನ್ನು ಮಡಿಲಲ್ಲಿ ಇಡಿಸಿತು. ಪಾಸ್‌ಪೋರ್ಟ್ ಆಫೀಸಿನವರು ಕೂಡ ಇಷ್ಟು ಶಿಸ್ತು ಕೇಳುವುದಿಲ್ಲ.

ಎರಡನೆಯದು ಸ್ಪಿನ್ ಬೌಲರ್ ಬಿ.ಎಸ್. ಚಂದ್ರಶೇಖರ್. ಮಣಿಕಟ್ಟಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ, ಒಳಗೆ ಸಣಕಲು ಬಲಗೈ, ಆ ಕೈಯಿಂದ ಹೊರಟ ಚೆಂಡು ಮಾತ್ರ ಹಾವಿನ ಹಾಗೆ. ಚಿಕ್ಕಂದಿನಲ್ಲಿ ಪೋಲಿಯೊ ತಗುಲಿದ್ದು ಅದೇ ಕೈಗೆ. ಫೀಲ್ಡಿಂಗ್‌ನಲ್ಲಿ ಚೆಂಡು ಎಸೆಯಲು ಎಡಗೈ, ಇಂಗ್ಲೆಂಡನ್ನು ಕೆಡವಲು ಬಲಗೈ. 1971ರಲ್ಲಿ ಲಂಡನ್ನಿನ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್. ಶೆಟ್ಟರು ಮುಖ ಕಿವಿಚಿದರು. ‘ಕೈ ಸ್ವಲ್ಪ ದಪ್ಪ ಮಾಡಪ್ಪ. ಜಿಮ್‌ಗೆ ಹೋದ ಹಾಗೆ ಇರಲಿ.’

ಇಲ್ಲಿ ಒಬ್ಬ ಹಿರಿಯರ ಬಗ್ಗೆ ಹೇಳಬೇಕು. ಸದಸ್ಯರಲ್ಲ, ಚಹಾ ಹೊತ್ತಿಗೆ ಬಂದು ಹಿಂದೆ ಕೂತಿದ್ದವರು. ಹುಡುಗನಾಗಿ ಉಡುಪಿ ಕಡೆಯಿಂದ ಬಂದು, ಹಗಲು ಮುಂಬೈಯ ಫೋರ್ಟ್ ಬಡಾವಣೆಯ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವರು. ಅವರ ಚೀಲದಲ್ಲಿ ಹೋಟೆಲಿನ ಹಳೆಯ ಲೆಕ್ಕದ ಪುಸ್ತಕ ಇತ್ತು. ಅದರ ತುಂಬ ಪೇಪರಿನಿಂದ ಕತ್ತರಿಸಿ ಅಂಟಿಸಿದ ಚಿತ್ರಗಳು. ಚಂದ್ರಶೇಖರ್ ಪಕ್ಕದಲ್ಲಿ ಹಾಲಿನ ಲೆಕ್ಕ, ಸ್ಪಿನ್ನರ್ ಪ್ರಸನ್ನ ಕೆಳಗೆ ಬೆಲ್ಲದ ಬಾಕಿ. ಮುಂಬೈಗೆ ಟಿ.ವಿ. ಬಂದದ್ದು 1972ರ ಅಕ್ಟೋಬರ್ 2ಕ್ಕೆ. ಓವಲ್ ಗೆಲುವಿಗೆ ಅದು ತಡವಾಯಿತು. ‘ರೇಡಿಯೊದಲ್ಲಿ ಕೇಳಿದ್ದು ಕಿವಿಗೆ ಮಾತ್ರ. ಆ ತೋಳಿನ ಗುಂಡಿ ನಾವು ನೋಡಿದ್ದು ಇಲ್ಲಿ’ ಅಂದರು. ಎಣ್ಣೆ ಕಲೆ ಬಿದ್ದ ಆ ಪುಟದಷ್ಟು ಒಳ್ಳೆಯ ಇತಿಹಾಸ ಆ ಕೋಣೆಯಲ್ಲಿ ಬೇರೆ ಇರಲಿಲ್ಲ. ಅವರನ್ನು ಸುಮ್ನೆ ಹೊಗಳಿ, ಪುಸ್ತಕ ವಾಪಸ್ ಕೊಟ್ಟರು. ಪ್ರದರ್ಶನದಲ್ಲಿ ಇಡಲು ಅದಕ್ಕೆ ‘ಲುಕ್’ ಇಲ್ಲವಂತೆ.

ಸಿಎ ಮಾತ್ರ ಇತಿಹಾಸ ಕೇಳುವ ಮನಸ್ಸು ಮಾಡಿದರು. ನಾನು ಲಂಡನ್ನಿನ ‘ವ್ಯಾನಿಟಿ ಫೇರ್’ ಪತ್ರಿಕೆಯ ಕಥೆ ಹೇಳಿದೆ. ಅದರಲ್ಲಿ ‘ಸ್ಪೈ’ ಎಂಬ ಹೆಸರಲ್ಲಿ ಬರೆಯುತ್ತಿದ್ದ ಲೆಸ್ಲಿ ವಾರ್ಡ್ 1877ರಲ್ಲಿ ಕ್ರಿಕೆಟಿಗ ಡಬ್ಲ್ಯು.ಜಿ. ಗ್ರೇಸ್ ಅವರ ಗಡ್ಡವನ್ನೂ 1897ರಲ್ಲಿ ನಮ್ಮ ರಣಜಿತ್‌ಸಿಂಹಜಿಯವರನ್ನೂ ಬರೆದಿದ್ದಾನೆ. ‘ಅವರು ಕೇಸ್ ಹಾಕಲಿಲ್ವಾ?’ ಅಂದರು ಸಿಎ. ಅದರಲ್ಲಿ ಚಿತ್ರ ಬಂದರೆ ಗೌರವ ಎಂದೇ ಜನ ತಿಳಿಯುತ್ತಿದ್ದರು ಎಂದೆ. ಅವರಿಗೆ ನಂಬಿಕೆ ಬರಲಿಲ್ಲ.

ಉಳಿದವು ಬೇಗ ಮುಗಿದವು. ಅನಿಲ್ ಕುಂಬ್ಳೆ 2002ರಲ್ಲಿ ಆ್ಯಂಟಿಗುವಾದಲ್ಲಿ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದ ಚಿತ್ರ: ಶುಭ ಕಾರ್ಯದಲ್ಲಿ ಬ್ಯಾಂಡೇಜ್ ಬೇಡ, ತೆಗೆಯಿರಿ. ಬೋಳುತಲೆಯ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ: ಕೂದಲು ಬರೆಯಿರಿ. ಗಾಯಕಿ ಗಂಗೂಬಾಯಿ ಹಾನಗಲ್: ಗಡಸು ದನಿಯನ್ನು ಹುಡುಗ ಆಲದ ಬೇರಿನ ಹಾಗೆ ಬರೆದಿದ್ದ, ಮರ ಯಾಕೆ ಎಂದು ಕೇಳಿ ಕಡಿಸಿದರು. ಜಿ.ಆರ್. ವಿಶ್ವನಾಥ್: 1980ರಲ್ಲಿ ಇದೇ ವಾಂಖೆಡೆಯಲ್ಲಿ, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರನ್ನು ವಾಪಸ್ ಕರೆದ ಕ್ಯಾಪ್ಟನ್. ಭಾರತ ಆ ಟೆಸ್ಟ್ 10 ವಿಕೆಟ್‌ಗಳಿಂದ ಸೋತಿತು. ಆ ಪುಟ್ಟ ಮನುಷ್ಯ, ಆ ದೊಡ್ಡ ಕರೆ, ಎರಡೂ ಚಿತ್ರದಲ್ಲಿತ್ತು. ‘ಎತ್ತರ ಜಾಸ್ತಿ ಮಾಡಿ. ಸೋತದ್ದು ಬೇಡ’ ಎಂದು ಟಿಪ್ಪಣಿ ಬಿತ್ತು.

ನಮ್ಮ ಸಂಘದವರು ಉತ್ಪ್ರೇಕ್ಷೆಯ ವಿರೋಧಿಗಳು ಅಂತ ತಿಳಿಯಬೇಡಿ. ಸ್ಟೇಷನ್ ಎದುರು ಕಟ್ಟಿದ ಫ್ಲೆಕ್ಸ್ ನೋಡಿದರೆ ಗೊತ್ತಾಗುತ್ತದೆ. ಅಧ್ಯಕ್ಷರ ಮುಖ ನಗರ ಸಾರಿಗೆಯ ‘ಬೆಸ್ಟ್’ ಬಸ್ಸಿನ ಮುಂಭಾಗದಷ್ಟು. ಕೆಳಗೆ ‘ಸಮಾಜರತ್ನ, ಕೊಡುಗೈ ದಾನಿ, ಕನ್ನಡದ ಕಣ್ಮಣಿ’. ಎರಡನೇ ಸಾಲಿನಲ್ಲಿ ಪ್ರಾಯೋಜಕರು. ತೀರಾ ಅಡಿಯಲ್ಲಿ, ಪ್ರಿಂಟರಿನವನ ಫೋನ್ ನಂಬರಿನ ಪಕ್ಕ, ಆರು ಮಂದಿ ಸಾಧಕರು ಅಂಚೆಚೀಟಿ ಗಾತ್ರದಲ್ಲಿ. ಲಕ್ಷ್ಮಣ್ ಒಬ್ಬ ಮಂತ್ರಿಯ ಮೂಗನ್ನು ಒಂದು ಇಂಚು ಎಳೆದರೆ ಅದು ಅವಮಾನ. ನಾವು ಇಡೀ ಮನುಷ್ಯನನ್ನೇ ಹದಿನೈದು ಅಡಿ ಎಳೆದರೆ ಅಭಿಮಾನ. ವರ್ಲಿಯ ಸಮುದ್ರದಂಡೆಯಲ್ಲಿ ಲಕ್ಷ್ಮಣ್ ಅವರ ಶ್ರೀಸಾಮಾನ್ಯನ ಕಂಚಿನ ಪ್ರತಿಮೆ ಇದೆ. ವರ್ಷಗಟ್ಟಲೆ ಪೇಪರಿನಲ್ಲಿ ಬಾಯಿಬಿಡದೆ ನಿಂತ ಮನುಷ್ಯ ಅವನು. ಸದ್ಯ, ಅವನ ಕೋಟಿನ ಚೌಕಗಳಿಗೆ ನಮ್ಮ ಉಪಸಮಿತಿಯ ಕೈ ತಲುಪಿಲ್ಲ.

ಹುಡುಗ ನಾಲ್ಕನೇ ಸಲ ತಿದ್ದಲು ಒಪ್ಪದೆ ಎದ್ದುಹೋದ. ಕಾರ್ಯದರ್ಶಿಯ ಮಗ ಮೊಬೈಲಿನಲ್ಲೇ ಆರೂ ಚಿತ್ರ ಮಾಡಿಕೊಟ್ಟ. ಎಲ್ಲರಿಗೂ ಒಂದೇ ನೇರ ಮೂಗು, ಒಂದೇ ಬೆಳ್ಳಗಿನ ಕೆನ್ನೆ, ಒಂದೇ ನಗು. ಗಂಗೂಬಾಯಿಯವರಿಗೆ ಮಾತ್ರ ಸೀರೆ.

ಉದ್ಘಾಟನೆಯ ದಿನ ಹೆಸರಿನ ಚೀಟಿಗಳು ಅದಲುಬದಲಾಗಿದ್ದವು. ವಿಶ್ವನಾಥ್ ಕೆಳಗೆ ‘ಕಿರಾಣಾ ಘರಾಣೆಯ ಸಂಗೀತದ ಮೇರು’, ಭೀಮಸೇನರ ಕೆಳಗೆ ‘ವಿಶ್ವಕಪ್ ವಿಜೇತ ವಿಕೆಟ್ ಕೀಪರ್’. ಹಿಂದಿನ ಸಾಲಿನ ಹಿರಿಯರು ಕೈ ಎತ್ತಿದರು. ಪ್ರಶ್ನೋತ್ತರ ಕೊನೆಗೆ ಅಂದರು. ಮುಖ್ಯ ಅತಿಥಿಗಳು ಒಂದೊಂದು ಚಿತ್ರದ ಮುಂದೆಯೂ ನಿಂತು, ‘ಆಹಾ, ಸಾಧನೆ ಅಂದ್ರೆ ಎಲ್ಲರ ಮುಖದಲ್ಲೂ ಒಂದೇ ಕಳೆ ಬರುತ್ತೆ ನೋಡಿ’ ಎಂದು ಮೆಚ್ಚಿಕೊಂಡರು. ಪಕ್ಕದಲ್ಲಿದ್ದ ಸಿಎ ಆಗಲೇ ಲೆಕ್ಕ ಹಾಕುತ್ತಿದ್ದರು. ಮುಂದಿನ ವರ್ಷ ಸಾಹಿತಿಗಳ ಪ್ರದರ್ಶನ. ಹೊಸ ಚಿತ್ರಗಳ ಖರ್ಚಿಲ್ಲ, ಚೀಟಿ ಬದಲಾಯಿಸಿದರೆ ಸಾಕು.