ಗೇಮ್ ಸ್ಟ್ರೀಮಿಂಗ್‌ಗೆ ಮೊದಲ ದುಡ್ಡು ಮೈಕಿಗೆ, ಕ್ಯಾಮೆರಾಗಲ್ಲ

ಅಕ್ಕನ ಮಗನಿಂದ ಹಿಡಿದು ನಮ್ಮ ಓಣಿಯ ಹುಡುಗರವರೆಗೆ ಎಲ್ಲರದೂ ಒಂದೇ ಪ್ರಶ್ನೆ. “ಮಾಮಾ, ಲೈವ್ ಮಾಡಾಕ ಕ್ಯಾಮೆರಾ ಯಾವ್ದು ತೊಗೊಳ್ಲಿ?” ಕ್ಯಾಮೆರಾ ಕಡೀಕ ತೊಗೊ ಅಂದರೆ ಮುಖ ಸಣ್ಣದಾಗುತ್ತದೆ. ಆದರೂ ವಿಜಯಪುರದಲ್ಲಿ ಕೂತು ಗೇಮ್ ಸ್ಟ್ರೀಮ್ ಮಾಡುವವರಿಗೆ, ಅಂದರೆ ತಮ್ಮ ಆಟವನ್ನು ಇಂಟರ್‌ನೆಟ್‌ನಲ್ಲಿ ಲೈವ್ ತೋರಿಸುವವರಿಗೆ, ನಾನು ಹೇಳುವುದು ಅದನ್ನೇ.

ಗೇಮ್ ನೋಡಲು ಬಂದವರ ಕಣ್ಣು ಗೇಮಿನ ಮೇಲೇ ಇರುತ್ತದೆ. ನಿಮ್ಮ ಮುಖ ಮೂಲೆಯ ಒಂದು ಸಣ್ಣ ಚೌಕ. ಅದು ಮಸುಕಾದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಆದರೆ ಮಾತು ಗುಂಡಿನ ಸದ್ದಿನಲ್ಲಿ ಮುಳುಗಿದರೆ, ಹಿಂದೆ ಫ್ಯಾನ್ ಗರಗರ ಅನ್ನುತ್ತಿದ್ದರೆ ಯಾರು ಕೂತು ಕೇಳುತ್ತಾರೆ? ನಮ್ಮ ಕಡೆಯ ಮಾತಿನಲ್ಲಿ ಆಡುತ್ತಾ ಹರಟೆ ಹೊಡೆಯುವ ಹುಡುಗರು ನನಗೆ ಬಹಳ ಇಷ್ಟ. ಅವರ ಮಾತೇ ಕೇಳಿಸದಿದ್ದರೆ ಸಂಕಟವಾಗುತ್ತದೆ.

ನಾವು ನೋಡುವ “ಬೆಸ್ಟ್ ಸೆಟಪ್” ವಿಡಿಯೊಗಳು ಹೆಚ್ಚಾಗಿ ಎಸಿ ಇರುವ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಾಡಿದವು. ಅಲ್ಲಿ ಕಂಡೆನ್ಸರ್ ಮೈಕ್ ಚೆನ್ನ, ಸಣ್ಣ ಸದ್ದನ್ನೂ ಹಿಡಿಯುವುದೇ ಅದರ ಗುಣ. ಅದನ್ನೇ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನ್ ಕೆಳಗೆ ಇಡಿ, ಫ್ಯಾನು, ಓಣಿಯ ಬೈಕು, ಅಡುಗೆಮನೆಯ ಕುಕ್ಕರ್ ಎಲ್ಲವೂ ಲೈವ್‌ಗೆ ಬರುತ್ತವೆ. ಫ್ಯಾನ್ ಆರಿಸಿ ಕೂಡಲು ಆಗುತ್ತಾ ನಮ್ಮೂರಲ್ಲಿ? ನಮಗೆ ಹೊಂದುವುದು ಡೈನಮಿಕ್ ಮೈಕ್. ಬಾಯಿಯಿಂದ ನಾಲ್ಕು ಬೆರಳು ದೂರ ಇಟ್ಟು ಮಾತಾಡಿ, ದೂರದ ಸದ್ದು ಎಷ್ಟೋ ತಗ್ಗುತ್ತದೆ. ಕಾರ್ಡಿಯಾಯ್ಡ್, ಅಂದರೆ ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಮಾದರಿಯಾದರೆ ಅದರ ಬೆನ್ನಿನ ಕಡೆಯ ಸದ್ದು ಕಡಿಮೆ ಬೀಳುತ್ತದೆ, ಟೇಬಲ್ ಫ್ಯಾನೋ ಕಿಟಕಿಯೋ ಆ ಕಡೆ ಬರುವ ಹಾಗೆ ಕೂಡಿ. ಯುಎಸ್‌ಬಿ ಮೈಕೇ ಸಾಕು. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಮೈಕ್ ತಗೊಂಡರೆ ಅದನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್‌ಗೆ ಮತ್ತೆ ದುಡ್ಡು ಸುರಿಯಬೇಕು.

ಖಾಲಿ ಗೋಡೆ, ನೆಲಕ್ಕೆ ಟೈಲ್ಸ್ ಇದ್ದರೆ ದನಿ ಗೋಳಗುಮ್ಮಟದೊಳಗೆ ಕೂಗಿದ ಹಾಗೆ ಕೇಳುತ್ತದೆ. ಅದಕ್ಕೆ ತೆಳು ಫೋಮ್ ಶೀಟ್ ಕೊಳ್ಳಬೇಡಿ. ಮನೆಯಲ್ಲಿರುವ ದಪ್ಪ ಕೌದಿಯನ್ನು ಬೆನ್ನ ಹಿಂದಿನ ಗೋಡೆಗೆ ತೂಗುಹಾಕಿ, ಕೆಳಗೆ ಒಂದು ಜಮಖಾನ ಹಾಸಿ.

ಸಾಫ್ಟ್‌ವೇರ್‌ಗೆ ಒಂದು ರೂಪಾಯಿಯೂ ಬೇಡ. ಪರದೆ, ಮೈಕು, ಕ್ಯಾಮೆರಾ ಎಲ್ಲವನ್ನೂ ಸೇರಿಸಿ ಲೈವ್‌ಗೆ ಕಳಿಸುವ ಒಬಿಎಸ್ ಸ್ಟುಡಿಯೊ ಪೂರ್ತಿ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಸ್ಟ್ರೀಮ್‌ಲ್ಯಾಬ್ಸ್ ಡೆಸ್ಕ್‌ಟಾಪ್ ಕೂಡ ಅದರ ಮೇಲೇ ಕಟ್ಟಿದ್ದು, ನೋಡಲು ಚೆಂದ, ಆದರೆ ಹಳೆ ಕಂಪ್ಯೂಟರಿಗೆ ಭಾರ. ಒಬಿಎಸ್‌ನಲ್ಲಿ ಮೈಕಿನ ಫಿಲ್ಟರ್‌ಗೆ ಹೋಗಿ ಹಿಂದಿನ ಸದ್ದು ತಗ್ಗಿಸುವ ನಾಯ್ಸ್ ಸಪ್ರೆಷನ್ ಹಾಕಿ, ಅದರಲ್ಲಿ ಆರ್‌ಎನ್‌ನಾಯ್ಸ್ ಆಯ್ಕೆ ಮಾಡಿ. ಆಮೇಲೆ ದನಿಯ ಏರಿಳಿತ ಸರಿದೂಗಿಸುವ ಕಂಪ್ರೆಸರ್, ಕೊನೆಗೆ ದನಿ ಮಿತಿ ಮೀರದಂತೆ ತಡೆಯುವ ಲಿಮಿಟರ್. ವಿಡಿಯೊವನ್ನು ಕುಗ್ಗಿಸಿ ಕಳಿಸಲು ಸಿದ್ಧಮಾಡುವ ಎನ್‌ಕೋಡರ್‌ನಲ್ಲಿ ಎಕ್ಸ್264 ಇದ್ದರೆ ಭಾರವೆಲ್ಲ ಪ್ರೊಸೆಸರ್ ಮೇಲೆ. ಎನ್‌ವಿಡಿಯಾ ಕಾರ್ಡಿದ್ದರೆ ಎನ್‌ವಿಇಎನ್‌ಸಿ, ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ಇದ್ದರೆ ಕ್ವಿಕ್ ಸಿಂಕ್ ಆರಿಸಿ. ಕ್ಯಾಪ್ಚರ್ ಕಾರ್ಡ್ ಬೇಕಾಗುವುದು ಪ್ಲೇಸ್ಟೇಷನ್‌ನಂಥ ಕನ್ಸೋಲಿನ ಆಟವನ್ನು ಕಂಪ್ಯೂಟರಿಗೆ ತರಲು. ಅದೇ ಕಂಪ್ಯೂಟರಿನಲ್ಲಿ ಆಡುವವರಿಗೆ ಅಂಗಡಿಯವರು ಎಷ್ಟೇ ಹೇಳಲಿ, ಬೇಡ.

ಇಂಟರ್‌ನೆಟ್ ಪ್ಲಾನಿನ ಜಾಹೀರಾತಿನಲ್ಲಿ ಕಾಣುವುದು ಹೆಚ್ಚಾಗಿ ಡೌನ್‌ಲೋಡ್. ನಮಗೆ ಬೇಕಾದದ್ದು ಅಪ್‌ಲೋಡ್, ಅದೂ ಸಂಜೆ ಎಲ್ಲರೂ ಬಳಸುವ ಹೊತ್ತಿನಲ್ಲಿ ಎಷ್ಟಿದೆ ಅನ್ನುವುದು. ಅದರ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಬಿಟ್‌ರೇಟ್ (ಲೈವ್ ಸೆಕೆಂಡಿಗೆ ಕಳಿಸುವ ಡೇಟಾ) ಇಡಬೇಡಿ. ಯೂಟ್ಯೂಬ್ 720ಪಿ ಚಿತ್ರಕ್ಕೆ, ಸೆಕೆಂಡಿಗೆ 30 ಫ್ರೇಮಿನಂತೆ, 4 ಎಂಬಿಪಿಎಸ್ ಹೇಳುತ್ತದೆ. ಗೇಮ್ ಲೈವ್‌ಗೆ ಹೆಸರಾದ ಟ್ವಿಚ್ ತಾಣದಲ್ಲಿ 1080ಪಿ, 60 ಫ್ರೇಮಿಗೆ 6000 ಕೆಬಿಪಿಎಸ್, ಅಂದರೆ 6 ಎಂಬಿಪಿಎಸ್. ಶುರುವಿಗೆ 720 ಧಾರಾಳ ಸಾಕು. ವೈಫೈ ಬಿಟ್ಟು ಲ್ಯಾನ್ ಕೇಬಲ್ ಎಳೆಯಿರಿ.

ಲೈವ್ ತಡವರಿಸಿದ ಕೂಡಲೇ ಹೊಸ ಗ್ರಾಫಿಕ್ಸ್ ಕಾರ್ಡಿಗೆ ಅಪ್ಪನ ಹತ್ತಿರ ದುಡ್ಡು ಕೇಳುವ ಹುಡುಗರೇ, ಮೊದಲು ಒಬಿಎಸ್‌ನ ಸ್ಟಾಟ್ಸ್ ಕಿಟಕಿ ತೆರೆದು ನೋಡಿ. ಅಲ್ಲಿ ಮೂರು ಲೆಕ್ಕ ಇರುತ್ತವೆ. ನೆಟ್‌ವರ್ಕಿನಿಂದ ಫ್ರೇಮ್ ಬೀಳುತ್ತಿದ್ದರೆ ದೋಷ ನಿಮ್ಮ ಲೈನಿನದು, ಬಿಟ್‌ರೇಟ್ ಇಳಿಸಿ. ರೆಂಡರಿಂಗ್‌ನಲ್ಲಿ, ಅಂದರೆ ಚಿತ್ರ ಬಿಡಿಸುವಲ್ಲಿ, ಫ್ರೇಮ್ ತಪ್ಪುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿಗೆ ಉಸಿರಾಡಲು ಜಾಗವಿಲ್ಲ, ಗೇಮನ್ನು 60 ಫ್ರೇಮಿಗೆ ಕಟ್ಟಿಹಾಕಿ. ಎನ್‌ಕೋಡಿಂಗ್‌ನಲ್ಲಿ ತಪ್ಪುತ್ತಿದ್ದರೆ ಎನ್‌ಕೋಡರ್ ಸೆಟ್ಟಿಂಗ್ ಹಗುರ ಮಾಡಿ. ಈ ಮೂರೂ ಸೆಟ್ಟಿಂಗ್ ಬದಲಾವಣೆ, ದುಡ್ಡಿನ ಮಾತೇ ಇಲ್ಲ.

ಉಳಿದ ದುಡ್ಡು ಕರೆಂಟಿಗೆ ಇಡಿ. ಅರೆಕ್ಷಣ ಕರೆಂಟ್ ಮಿಣುಕಿದರೂ ರೂಟರ್ ಆರಿ ಲೈವ್ ಕಡಿದುಹೋಗುತ್ತದೆ. ರೂಟರಿಗೆ ಒಂದು ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿ. ಮನೆಯ ಇನ್ವರ್ಟರಿಗೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು.

ಇಂಡಿ, ಸಿಂದಗಿ ಕಡೆ ಬರೀ ಫೋನಿನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಡುವವರಿಗೆ ಇದ್ಯಾವುದಕ್ಕೂ ಕಾಯುವ ಅಗತ್ಯವಿಲ್ಲ. ಪ್ರಿಸಂ ಲೈವ್‌ನಂಥ ಆ್ಯಪ್ ಇದೆ, ಆಂಡ್ರಾಯ್ಡ್ 10ರಿಂದ ಗೇಮಿನ ಸದ್ದನ್ನು ನೇರವಾಗಿ ಹಿಡಿಯಲು ಬರುತ್ತದೆ. ಹಳೆ ಲ್ಯಾಪ್‌ಟಾಪ್ ಇದ್ದರೆ ಎಸ್‌ಸಿಆರ್‌ಸಿಪಿವೈ ಅನ್ನುವ ಉಚಿತ ತಂತ್ರಾಂಶ ಹಾಕಿ, ಫೋನಿನ ಪರದೆ ಯುಎಸ್‌ಬಿ ಕೇಬಲಿನಲ್ಲೇ ಒಬಿಎಸ್‌ಗೆ ಸಿಗುತ್ತದೆ. ಯೂಟ್ಯೂಬ್ ಲೈವ್ ಮೊದಲ ಸಲ ಚಾಲೂ ಆಗಲು 24 ಗಂಟೆವರೆಗೂ ಹಿಡಿಯಬಹುದು, ಹಿಂದಿನ ದಿನವೇ ಅರ್ಜಿ ಒತ್ತಿಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಚಾರ್ಜಿಗೆ ಹಾಕಿಕೊಂಡು ಆಡಬೇಡಿ, ಫೋನ್ ಕಾದು ಫ್ರೇಮ್ ಇಳಿಯುತ್ತದೆ. ರಾತ್ರಿ ಊಟ ಮುಗಿಸಿ, ಫೋನಿನ ಕವರ್ ತೆಗೆದಿಟ್ಟು ಶುರು ಮಾಡಿ.