ಹಳೇ ಪಿಎಸ್ 4ಗೆ ಎಸ್‌ಎಸ್‌ಡಿ ಹಾಕಿ, ಆದರೆ ದುಬಾರಿಯದ್ದು ಬೇಡ

ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 4 (ಪಿಎಸ್ 4) ಬಂದಿದ್ದು 2013ರಲ್ಲಿ. ಈಗಲೂ ಅದರಲ್ಲೇ ಖುಷಿಯಿಂದ ಆಡುವವರು ಬೇಕಾದಷ್ಟು ಜನ ಇದ್ದಾರೆ, ನಾನೂ ಅವರಲ್ಲೊಬ್ಬ. "ಲೋಡ್ ಆಗೋಕೇ ಒಂದು ಯುಗ ಬೇಕು, ಇದನ್ನ ಮಾರಿಬಿಡ್ತೀನಿ" ಅಂತ ಯಾರಾದರೂ ಅಂದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಕನ್ಸೋಲ್ ಚೆನ್ನಾಗೇ ಇರುತ್ತದೆ. ನಿಧಾನ ಇರುವುದು ಒಳಗಿನ ಹಾರ್ಡ್ ಡಿಸ್ಕ್. ಅದನ್ನು ನಾವೇ ಬದಲಾಯಿಸಿಕೊಳ್ಳಲು ಸೋನಿ ಮೊದಲಿನಿಂದಲೂ ಅವಕಾಶ ಇಟ್ಟಿದೆ.

ಆ ಡಿಸ್ಕ್ ತಿರುಗುವುದು ನಿಮಿಷಕ್ಕೆ 5400 ಸುತ್ತು. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಡೇಟಾ ಅದನ್ನು ಓದುವ ಹೆಡ್ಡಿನ ಕೆಳಗೆ ಬರುವ ತನಕ ಕಾಯಲೇಬೇಕು. ಎಲ್ಲೆಂದರಲ್ಲಿ ಓಡಾಡಬಹುದಾದ ದೊಡ್ಡ ಓಪನ್ ವರ್ಲ್ಡ್ ಗೇಮ್‌ಗಳು ಅಲ್ಲೊಂದು ಇಲ್ಲೊಂದು ಬಿದ್ದಿರುವ ಸಾವಿರಾರು ಸಣ್ಣ ಸಣ್ಣ ತುಣುಕುಗಳನ್ನು ಓದುತ್ತವೆ. ಪ್ರತಿ ಸಲವೂ ಈ ಕಾಯುವಿಕೆ ಸೇರುತ್ತಾ ಹೋಗುತ್ತದೆ. ಎಸ್‌ಎಸ್‌ಡಿ ಅಂದರೆ ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಹುಡುಕಾಟ ಒಂದು ಮಿಲಿಸೆಕೆಂಡಿನೊಳಗೇ ಮುಗಿಯುತ್ತದೆ. ನಮಗೆ ಸಿಗುವ ಲಾಭದ ಹೆಚ್ಚಿನ ಪಾಲು ಇಲ್ಲೇ ಇದೆ.

ಅದಕ್ಕೇ ಹೇಳುವುದು, ಬಾಕ್ಸ್ ಮೇಲಿನ ವೇಗದ ಅಂಕಿ ನೋಡಿ ಜಾಸ್ತಿ ದುಡ್ಡು ಕೊಡಬೇಡಿ. ಡ್ರೈವನ್ನು ಕನ್ಸೋಲ್‌ಗೆ ಜೋಡಿಸುವ ಸಂಪರ್ಕಕ್ಕೆ ಸಾಟಾ ಅಂತಾರೆ. ಮೊದಲ ಪಿಎಸ್ 4 ಮತ್ತು ಆಮೇಲಿನ ಸ್ಲಿಮ್ ಮಾಡೆಲ್‌ನಲ್ಲಿರುವುದು ಸಾಟಾ 2. ಸೆಕೆಂಡಿಗೆ 300 ಎಂಬಿಗಿಂತ ಜಾಸ್ತಿ ಅದರಲ್ಲಿ ಹರಿಯುವುದೇ ಇಲ್ಲ. 2016ರ ಪ್ರೊ ಮಾಡೆಲ್‌ನಲ್ಲಿ ಅದಕ್ಕಿಂತ ವೇಗದ ಸಾಟಾ 3 ಇದೆ, ನಿಜ. ಆದರೆ ಓದಿದ ಡೇಟಾ ಕುಗ್ಗಿಸಿಟ್ಟಿರುತ್ತದೆ, ಅದನ್ನು ಬಿಚ್ಚುವ ಕೆಲಸ ಆ ಹಳೇ ಪ್ರೊಸೆಸರ್‌ನದ್ದೇ ಅಲ್ವಾ? ಎಷ್ಟು ವೇಗದ ಡ್ರೈವ್ ಹಾಕಿದರೂ ಪ್ರೊಸೆಸರ್ ತನ್ನ ಗತಿಯಲ್ಲೇ ಹೋಗುತ್ತದೆ. ಸಾಧಾರಣ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 9.5 ಮಿಲಿಮೀಟರ್‌ಗಿಂತ ದಪ್ಪ ಇಲ್ಲದ್ದು, ಸಾಕು. ಉಳಿದ ದುಡ್ಡನ್ನು ಜಾಗಕ್ಕೆ ಹಾಕಿ, 500 ಜಿಬಿ ಬದಲು 1 ಟಿಬಿ ತಗೊಳ್ಳಿ. ಇನ್ನೊಂದು ಮಾತು, ಫ್ರೇಮ್ ರೇಟ್ (ಪರದೆಯಲ್ಲಿ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ) ಏರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅದು ಬೇರೆಯೇ ವಿಷಯ.

ಸ್ಕ್ರೂ ಬಿಚ್ಚುವುದು ಸುಲಭ. ನನಗೆ ಚಿಂತೆ ಸೇವ್ ಫೈಲ್‌ಗಳದ್ದು. ವರ್ಷಗಟ್ಟಲೆ ಆಡಿದ್ದು ಅದರಲ್ಲಿರುತ್ತದೆ. ಮೊದಲು ಅವನ್ನು ಯುಎಸ್‌ಬಿಗೋ ಸೋನಿಯ ಚಂದಾ ಸೇವೆ ಪಿಎಸ್ ಪ್ಲಸ್‌ನ ಕ್ಲೌಡ್‌ಗೋ ಹಾಕಿ, ಗೆದ್ದ ಟ್ರೋಫಿಗಳನ್ನು ಸೋನಿ ಸರ್ವರ್‌ಗೆ ಸಿಂಕ್ ಮಾಡಿ, ಆಮೇಲೆ ಬಿಚ್ಚಿ. ಹೊಸ ಡ್ರೈವ್ ಖಾಲಿ ಇರುವುದರಿಂದ ಸಿಸ್ಟಮ್ ಸಾಫ್ಟ್‌ವೇರ್ ಮತ್ತೆ ಹಾಕಬೇಕು. ಪ್ಲೇಸ್ಟೇಷನ್ ಸೈಟಿನಲ್ಲಿ ಅಪ್‌ಡೇಟ್ ಫೈಲ್, ಪೂರ್ತಿ ರೀಇನ್‌ಸ್ಟಾಲ್ ಫೈಲ್ ಎರಡೂ ಇರುತ್ತವೆ. ನಮಗೆ ಬೇಕಾದದ್ದು ಸುಮಾರು 1 ಜಿಬಿಯ ಎರಡನೆಯದು. ಅದನ್ನು ಪೆನ್‌ಡ್ರೈವ್‌ನಲ್ಲಿ 'ಪಿಎಸ್4' ಫೋಲ್ಡರ್, ಅದರೊಳಗೆ 'ಅಪ್‌ಡೇಟ್' ಫೋಲ್ಡರ್ ಮಾಡಿ ಇಡಬೇಕು, ಎರಡರ ಹೆಸರೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ. ಪವರ್ ಬಟನ್ ಒತ್ತಿ ಹಿಡಿದು ಎರಡನೇ ಬೀಪ್ ಬಂದಾಗ ಬಿಟ್ಟರೆ ಸೇಫ್ ಮೋಡ್, ಅಂದರೆ ರಿಪೇರಿ ಮೆನು, ಬರುತ್ತದೆ. ಮುಂದಿನದ್ದನ್ನು ಪರದೆಯೇ ಹೇಳುತ್ತದೆ.

ತೆಗೆದ ಹಾರ್ಡ್ ಡಿಸ್ಕನ್ನು ಸುಮ್ನೆ ಡ್ರಾಯರ್‌ಗೆ ಹಾಕಬೇಡಿ. ಯುಎಸ್‌ಬಿ 3.0 ಕೇಸ್‌ನಲ್ಲಿ ಕೂರಿಸಿದರೆ ಅದೇ ಪಿಎಸ್ 4ಗೆ ಎಕ್ಸ್‌ಟರ್ನಲ್ ಡ್ರೈವ್ ಆಗುತ್ತದೆ. ಅಪರೂಪಕ್ಕೆ ಆಡುವ ಗೇಮ್‌ಗಳು ಅಲ್ಲಿರಲಿ, ದಿನಾ ಆಡುವವು ಎಸ್‌ಎಸ್‌ಡಿಯಲ್ಲಿರಲಿ.